ಸರಿ ಮುಟ್ಟಿದರೆ ಮಾತಾಡ್ತಾಳೆ

ಇಲ್ಲ ಮೇಡಂ, ಟ್ಯಾಬು ಶಾಲೆಯಲ್ಲಿ ಬಿಟ್ಟು ಹೋಗಲ್ಲ. ಮನೆಯಲ್ಲೇ ಓದ್ತಾಳೆ ಪುಟ್ಟಿ... ಕ್ಲಾಸಲ್ಲಿ ಒಂದು ಸಾಲೂ ಓದಲಿಲ್ವಾ? ಹೆದರಿರ್ತಾಳೆ. ಅಮ್ಮ ಹೋದ ಮಗು.

ಓದೋಕೆ ತಡವರಿಸೋ ಮಕ್ಕಳಿಗೆ ಅಂತ ನೀವೇ ಕೊಟ್ರಿ. ಸರಿ ಅಕ್ಷರ ಮುಟ್ಟಿದ್ರೆ ಮನೆಯವರ ದನೀಲೇ ಶಭಾಷ್ ಅನ್ನುತ್ತೆ ಅಂದ್ರಿ. ನನ್ನವಳು ಇದೇ ಬೆಂಚಲ್ಲಿ ಕೂತು ದನಿ ಕೊಟ್ಲು. "ಭೇಷ್! ಇನ್ನೊಂದು ನೋಡೋಣ!" ನಡುವೆ ನಕ್ಕುಬಿಟ್ಲು. ನಗೂನೂ ಇರಲಿ ಅಂದ್ರಿ ನೀವು. ಇದೆ ಮೇಡಂ... ನಗು ಇದೆ.

ಏನು? ಅವಳ ದನಿ ನನ್ನ ಫೋನಿಗೆ ಹಾಕ್ಕೊಡ್ತೀರಾ? ಬೇಡ. ಫೋನಲ್ಲಿ ಸುಮ್ನೆ ಒತ್ತಿದ್ರೂ ಭೇಷ್ ಅಂತಾಳೆ. ಅದೆಂಥ ಭೇಷು? ಇದರಲ್ಲಿ ಸರಿ ಮುಟ್ಟಬೇಕು. ಸರಿ ಮುಟ್ಟಿದ್ರೇನೇ... ಮಗಳು. ಮಗಳು ಮುಟ್ಟಬೇಕು ಅಂದೆ.

ಸುಲಭದ ಪಾಠ ಎಲ್ಲಾ ಮುಗಿದಿದೆ, ಹೌದು. ಅವಳೇ ಮುಗಿಸಿದ್ದು. ಇನ್ಯಾರು?

ನಾನಾ! ಯಾಕೆ ನಗ್ತೀರಿ? ಇಸ್ತ್ರಿ ಮಾಡೋನು ನಾನು, ಅಕ್ಷರದ ಗಂಧ ಇಲ್ಲ. ಈ ಬೆರಳು ನೋಡಿ, ಸುಟ್ಟು ಸುಟ್ಟು ಚಪ್ಪಲಿ ತೊಗಲಾಗಿದೆ. ಮುಟ್ಟಿದ್ರೆ ಆ ಗಾಜಿಗೆ ಗೊತ್ತೇ ಆಗಲ್ಲ. ಕಿರುಬೆರಳು ಒದ್ದೆ ಮಾಡ್ಕೊಂಡು ಮುಟ್ಟಿದ್ರೆ ಮಾತ್ರ...

ಹೌದು ಮೇಡಂ, ನಾನೇ ಮುಟ್ಟಿದ್ದು.

ಬೈಯಿರಿ.

ಪುಟ್ಟಿ ತಪ್ಪು ಮುಟ್ಟಿದ್ರೆ ಅವಳಮ್ಮ ಮಾತಾಡ್ತಿರಲಿಲ್ಲ. "ಅಮ್ಮನಿಗೆ ನನ್ನ ಮೇಲೆ ಕೋಪ" ಅಂತ ಬಿಕ್ಕಿ ಬಿಕ್ಕಿ ಅಳೋಳು. ಹೇಗೆ ನೋಡ್ಕೊಂಡು ಕೂರಲಿ? ಅದೂ ಇದೂ ಮುಟ್ಟಿ, ಯಾವುದು ಸರಿ ಅಂತ ಪತ್ತೆ ಹಚ್ಚಿ, ಕೇಳಿಸಿದೆ. ಅವಳು ಕಣ್ಣೊರೆಸ್ಕೊಂಡ್ಲು. ಆಮೇಲೆ... ಆಮೇಲೆ ನನಗೇ ಬಿಡೋಕಾಗಲಿಲ್ಲ. ಮಗಳು ಕೇಳಿದ್ರೆ ಚಾರ್ಜ್ ಇಲ್ಲ ಅಂದೆ. ನನ್ನವಳು ಬದುಕಿದ್ದಾಗ ಅಕ್ಷರ ಕಲಿಸ್ತೀನಿ ಬಾ ಅಂತ ಎಷ್ಟು ಕರೆದ್ಲು! ಇಸ್ತ್ರಿ ಆರುತ್ತೆ ಅಂತ ಎದ್ದು ಹೋಗ್ತಿದ್ದೆ. ಈಗ ನನಗೆ ಭೇಷ್ ಅಂತಿದ್ಲು, ಮೇಡಂ. ನನಗೆ.

ನಾನು ಸರಿ ಮುಟ್ಟಿದಷ್ಟೂ ಪಾಠ ಕಷ್ಟ ಆಗ್ತಾ ಹೋಯ್ತು. ಈಗ ನನಗೂ ಬರಲ್ಲ, ಮಗಳಿಗೂ ಬರಲ್ಲ. ಇಬ್ಬರೂ ಮುಟ್ತೀವಿ. ಅವಳು ಮಾತಾಡಲ್ಲ.

ತಗೊಳ್ಳಿ. ಮೊದಲನೇ ಪಾಠದಿಂದ ಶುರು ಮಾಡ್ಸಿ. ಪುಟ್ಟಿ ತಪ್ಪು ಮಾಡ್ತಾಳೆ, ಅಳ್ತಾಳೆ... ನೀವು ಪಕ್ಕದಲ್ಲಿ ಕೂತ್ಕೊಳ್ಳಿ.

ಬೇಡ, ನನ್ನನ್ನ ಕೂರಿಸಬೇಡಿ. ಅವಳು ಅತ್ರೆ ನಾನು ಮುಟ್ಟಿಬಿಡ್ತೀನಿ.