ಹೊಲಿಗೆ ಕೂಡಲು ನಾಲ್ಕು ತಿಂಗಳು

ಒಂದು ಪೇಟೆಯಲ್ಲಿ ಅನುಕೂಲಸ್ಥರ ಮನೆಯೊಂದಿತ್ತು. ಆ ಮನೆಯ ಸೊಸೆಯ ಮೊಣಕಾಲಿನೊಳಗಿನ ಮೆತ್ತೆ ಹರಿದು, ಡಾಕ್ಟರು ಅದನ್ನು ಹೊಲಿದರು. ಹೌದು ತಾಯಂದಿರೇ, ಎರಡು ಎಲುಬುಗಳ ನಡುವೆ ದೇವರು ಒಂದು ಮೆತ್ತೆ ಇಟ್ಟಿದ್ದಾನೆ; ಹರಿದರೆ ಹೊಲಿಯಬಹುದು. ಆದರೆ ಅಲ್ಲಿಗೆ ರಕ್ತ ಹರಿಯುವುದು ಕಡಿಮೆ, ಕೂಡಿಕೊಳ್ಳಲು ತಿಂಗಳುಗಳೇ ಬೇಕು. "ನಾಲ್ಕು ತಿಂಗಳು ನೆಲದ ಮೇಲೆ ಕುಳಿತುಕೊಳ್ಳುವಂತಿಲ್ಲ, ಮಂಡಿ ಊರುವಂತಿಲ್ಲ" ಎಂದರು ಡಾಕ್ಟರು. ಹೇಳಿದ್ದು ಯಾರಿಗೆ? ಅವಳಿಗೂ, ಪಕ್ಕದ ಕುರ್ಚಿಯಲ್ಲಿದ್ದ ಗಂಡನಿಗೂ. ಗಂಡ ತಲೆಯಾಡಿಸಿದ.

ಆರನೆಯ ವಾರ ಮನೆಯಲ್ಲಿ ಗುರುಗಳ ಪಾದಪೂಜೆ. ಸೊಸೆ ಊರುಗೋಲನ್ನು ಕಂಕುಳಿಗೆ ಕೊಟ್ಟು, ನಿಂತೇ ಕೈಮುಗಿದಳು.

"ನಿಂತ ಕೈ ಮುಗದ್ರ ನಡೀತೈತೇನವಾ? ಮಂಡಿ ಊರು" ಎಂದಳು ಅತ್ತೆ.

"ಡಾಕ್ಟರು ಬ್ಯಾಡ ಅಂದಾರ್ರೀ ಅತ್ತಿ."

"ಗಾಯ ಎಲ್ಲೈತಿ ತೋರ್ಸು. ಸಾಸಿವಿ ಕಾಳಿನಷ್ಟ ಎರಡ ಗಾಯದ ಕಲಿ, ಅವೂ ಮಾಯ್ದಾವು."

ನಾದಿನಿ ನಕ್ಕಳು. "ವೈನಿ ಮಹಾರಾಣಿ ಆಗ್ಯಾಳ, ಸಿಂಹಾಸನ ತರಸ್ರಿ."

ನೋಡಿ, ಆಗ ಅವಳು ಗಂಡನ ಕಡೆ ನೋಡಿದಳು. 'ಆಕಿಗೆ ಬಗ್ಗಾಕ ಬರೂದಿಲ್ಲ, ಡಾಕ್ಟರು ಹೇಳಿದ್ದನ್ನ ನಾನೂ ಕೇಳೇನಿ' ಎಂಬ ಒಂದು ಮಾತು ಸಾಕಿತ್ತು. ಒಂದೇ ಮಾತು. ಅವನು ಆರತಿಯ ಬತ್ತಿ ಸರಿಮಾಡುತ್ತಿದ್ದ. ಬತ್ತಿ ಸರಿಯಾಗಿಯೇ ಇತ್ತು.

ಒಲ್ಲೆ ಎಂದರೆ ವರ್ಷಗಟ್ಟಲೆ ಅಡುಗೆಮನೆಯಲ್ಲಿ ಇದೇ ಮಾತು ಕೇಳಬೇಕೆಂದು ಅವಳಿಗೆ ಗೊತ್ತಿತ್ತು. ಬಗ್ಗಿದಳು. ಒಳಗೆ ಏನೋ ಟಕ್ಕೆಂದಿತು. ಅವಳಿಗೊಬ್ಬಳಿಗೇ ಕೇಳಿಸಿತು. ಗುರು ಏನು ಮಾಡಿದ? ತಲೆಗೆ ಹೂ ಹಾಕಿ ಹರಸಿದ. ಅವನಿಗೂ ಕಣ್ಣಿತ್ತು. ಬಾಯಿಯೂ ಇತ್ತು.

ಎರಡನೆಯ ಸಲ ಡಾಕ್ಟರು ಹೊಲಿಯಲಿಲ್ಲ. ಹೊಲಿಗೆ ಹಿಡಿಯುವಷ್ಟು ಗಟ್ಟಿ ಜಾಗ ಉಳಿದಿರಲಿಲ್ಲ. ಹರಿದದ್ದನ್ನು ಕತ್ತರಿಸಿ ತೆಗೆದರು. ಮೂವತ್ತೆಂಟರ ಹೆಣ್ಣುಮಗಳು ಈಗ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತಾಳೆ. ಮನೆಯವರು ಹಣೆಬರಹ ಎನ್ನುತ್ತಾರೆ. ಹಣೆಬರಹವಂತೆ!

ಯಾಕೆ ತಲೆ ತಗ್ಗಿಸಿದಿರಿ? ಅತ್ತೆಯನ್ನು ಬೈಯುತ್ತಿದ್ದೀರಿ, ಗೊತ್ತು. ಅವಳಿಗೆ ಹೊರಗಿನ ಗಾಯವಷ್ಟೇ ಕಂಡಿತ್ತು. ನಾನು ಕೇಳುತ್ತಿರುವುದು ಗಂಡನನ್ನು. ಅವನಿಗೆ ಗೊತ್ತಿತ್ತು. ಗಂಡಸರೇ, ನಿಮ್ಮ ಮನೆಯ ಹೆಣ್ಣಿಗೆ ಡಾಕ್ಟರು ಹೇಳಿದ್ದು ನಿಮಗೂ ಗೊತ್ತಿದೆ. ಅದನ್ನು ಹತ್ತು ಮಂದಿಯೆದುರು ನೀವು ಹೇಳಿ. ಅವಳಿಂದ ಹೇಳಿಸಬೇಡಿ, ಅವಳು ಹೇಳಿದರೆ ಸೋಗು ಎನ್ನುತ್ತಾರೆ. ನಾಲ್ಕು ತಿಂಗಳೆಂದರೆ ನಾಲ್ಕು ತಿಂಗಳು ಕಸಬರಿಗೆ ನಿಮ್ಮ ಕೈಯಲ್ಲಿರಲಿ. ಮತ್ತೆ ಇವತ್ತು, ಮೊಣಕಾಲು ನೋಯುವ ಯಾವ ತಾಯಿಯೂ ನಾನು ಕುಳಿತ ಈ ಪೀಠದ ಮುಂದೆ ಬಗ್ಗಬಾರದು. ಬಗ್ಗಿಸಿದವರಿಗೆ ಇಲ್ಲಿ ಪ್ರಸಾದವಿಲ್ಲ.