ಎಲೆಗಿರುವ ಬುದ್ಧಿ

ಬಸ್ ನಿಲ್ದಾಣದ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಅಕ್ಕ-ತಂಗಿ ಕೂತಿದ್ದರು. ತಂಗಿ ಆಗತಾನೆ ಉಪನ್ಯಾಸಕಿ ಕೆಲಸದ ಸಂದರ್ಶನ ಮುಗಿಸಿ ಬಂದಿದ್ದಳು.

"ಏನೇ ಕೇಳಿದ್ರು?"

"ಎಲೆ ಮೇಲಿನ ರಂಧ್ರ ಹೇಗೆ ತೆರೆದು ಮುಚ್ಚುತ್ತೆ ಅಂತ."

"ನೀನು ಓದಿದ್ದೇ ಅದಲ್ವಾ!"

"ಹೂಂ. ಎರಡೂ ಪಕ್ಕ ಕಾವಲು ಕೋಶ ಇರ್ತವೆ. ನೀರು ತುಂಬಿದ್ರೆ ಉಬ್ಬಿ ಬಾಗ್ತವೆ, ರಂಧ್ರ ತೆರೆಯುತ್ತೆ. ನೀರು ಕಮ್ಮಿಯಾದ್ರೆ ಸೊರಗ್ತವೆ, ಮುಚ್ಚುತ್ತೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು."

"ಇನ್ನೇನಂದೆ?"

"ನಿಮ್ಮ ಕಾಲೇಜಿನ ಪಠ್ಯದಲ್ಲಿ ಇದನ್ನ ಯಾರೋ ತಲೆಕೆಳಗಾಗಿ ಬರೆದಿದ್ದಾರೆ ಅಂದೆ. ಬರೆದಿದ್ದು ಎದುರಿಗೆ ಕೂತಿದ್ದ ಮೇಡಮ್ಮೇ."

"ಅಯ್ಯೋ, ನಿನ್ನ ಬಾಯಿಗೆ ಬೀಗ ಹಾಕ!"

"ಯಾವಾಗ ಮುಚ್ಚಬೇಕು ಅಂತ ಎಲೆಗೂ ಗೊತ್ತಕ್ಕಾ. ನನಗೆ ಮಾತ್ರ ಗೊತ್ತಾಗಲ್ಲ."

"ಕೆಲಸ ಹೋಯ್ತು ಬಿಡು."

"ಇಲ್ಲ, ಸಿಕ್ತು. ಸೋಮವಾರ ಬಂದು ಮೊದಲು ಆ ಪಾಠ ತಿದ್ದಿಕೊಡು ಅಂದ್ರು."

ಅಕ್ಕ ಅವಳ ಬೆನ್ನಿಗೊಂದು ಗುದ್ದು ಕೊಟ್ಟು, ನಗುತ್ತಲೇ ಬಸ್ಸಿಗೆ ಹತ್ತಿಸಿದಳು.