ನಾಲ್ಕು ಹೊಸ ಟಯರು ಮತ್ತು ಎರಡನೇ ಕೀ

ಹೇಳಿಕೆ ಕೊಡುವವರು: ಶ್ರೀಮತಿ ವಿಮಲಾ, ಗಂಡ ಅನಂತರಾಜ, ಪ್ರಾಯ 61 ವರ್ಷ, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ವಾಸ ಪುತ್ತಿಗೆ ಗ್ರಾಮ, ಮೂಡುಬಿದಿರೆ ತಾಲೂಕು.

ನಾನು ಮೇಲಿನ ವಿಳಾಸದಲ್ಲಿ ಗಂಡ ಮತ್ತು ಅತ್ತೆಯವರೊಂದಿಗೆ ವಾಸವಾಗಿದ್ದೇನೆ. ನಮ್ಮ ಗಾಡಿ ಕಳವಾದ ಬಗ್ಗೆ ಮತ್ತು ಅದರಲ್ಲಿ ಮಲಗಿದ್ದ ನನ್ನ ಅತ್ತೆಯವರನ್ನು ಅಪಹರಿಸಿದ ಬಗ್ಗೆ ನಿನ್ನೆ ಶನಿವಾರ ನನ್ನ ಗಂಡ ದೂರು ಕೊಟ್ಟಿದ್ದಾರೆ. ಆ ವಿಷಯದಲ್ಲಿ ಇಂದು ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಬಂದು ನಾನಾಗಿ ಹೇಳಿ ಬರೆಯಿಸುವುದೇನೆಂದರೆ:

ನನ್ನ ಅತ್ತೆ ಪ್ರೇಮಾವತಿಯವರಿಗೆ ಎಂಬತ್ತಮೂರು ವರ್ಷ. ಮೊಣಕಾಲು ಕೈಕೊಟ್ಟಿದೆ, ಕಿವಿ ಮಾತ್ರ ಚುರುಕು. ಅಡುಗೆಮನೆಯಲ್ಲಿ ನಾವು ಪಿಸುಗುಟ್ಟಿದ್ದು ಜಗಲಿಯಲ್ಲಿ ಕೂತ ಅವರಿಗೆ ಕೇಳುತ್ತದೆ. ಅವರಿಗೆ ಸಕ್ಕರೆ ಕಾಯಿಲೆ ಇದೆ. ನಾವು ಜೈನರು. ಮನೆಯಲ್ಲಿ ನಾವಿಬ್ಬರು ಸ್ವಲ್ಪ ಸಡಿಲವಾದರೂ ಅತ್ತೆಯವರು ಮದುವೆಯಾಗಿ ಬಂದ ವರ್ಷದಿಂದ ಸೂರ್ಯ ಮುಳುಗಿದ ಮೇಲೆ ಒಂದು ತುತ್ತೂ ಬಾಯಿಗೆ ಹಾಕಿದವರಲ್ಲ. ಸಂಜೆ ಐದೂಮುಕ್ಕಾಲಕ್ಕೆ ಸಕ್ಕರೆಯ ಮಾತ್ರೆ, ಅರ್ಧ ಗಂಟೆ ಬಿಟ್ಟು ಊಟ, ಇದು ಅವರ ಕ್ರಮ. ಎರಡು ವರ್ಷದ ಹಿಂದೆ ಒಂದು ಮದುವೆಯಲ್ಲಿ ಮಾತ್ರೆ ನುಂಗಿಯಾದ ಮೇಲೆ ಸೂರ್ಯ ಮುಳುಗಿದ್ದರಿಂದ ಊಟ ಬೇಡವೆಂದರು, ಗಂಟೆಯೊಳಗೆ ಪ್ರಜ್ಞೆ ತಪ್ಪಿ ಬಿದ್ದರು. ಅಂದಿನಿಂದ ಎಲ್ಲಿಗೆ ಹೋದರೂ ಅವರ ಬುತ್ತಿ ನನ್ನ ಕೈಚೀಲದಲ್ಲಿ ಇರುತ್ತದೆ. ಮಾತ್ರೆ ಅವರ ಸೊಂಟದ ಸಂಚಿಯಲ್ಲಿ.

ಅತ್ತೆಯವರು ಕಾಲು ನೀಡಿ ಕೂರುವಂಥ ಗಾಡಿ ಬೇಕೆಂದು ಇದೇ ಫೆಬ್ರವರಿ 2ರಂದು ಬಂಟ್ವಾಳದ ನರಿಕೊಂಬಿನ ಚನಿಯಪ್ಪ ಎಂಬವರಿಂದ ಏಳು ಸೀಟಿನ ಹಳೆಯ ಎಸ್‌ಯುವಿ ಕೊಂಡೆವು. ಕಣ್ಣು ಮಂಜಾಗಿ ತನ್ನಿಂದ ಗಾಡಿ ಬಿಡಲು ಆಗುವುದಿಲ್ಲ, ಹಾಗಾಗಿ ಕೊಡುತ್ತಿದ್ದೇನೆ ಎಂದು ಚನಿಯಪ್ಪನವರು ಹೇಳಿದರು. ಹೊರಡುವಾಗ ಟಯರಿಗೆ ಕೈ ತೋರಿಸಿ, ಇದನ್ನು ಮೊದಲು ಬದಲಿಸಿ, ನನ್ನ ಮಗ ಎರಡು ವರ್ಷದಿಂದ ಹೇಳಿ ಹೇಳಿ ಸಾಕಾದ, ನಾನು ಕೇಳಲಿಲ್ಲ, ಡಾಮರಿಗೂ ಮಣ್ಣಿಗೂ ಎರಡಕ್ಕೂ ಆಗುವಂಥದ್ದು ಹಾಕಬೇಕೆಂದು ಅವನ ಅಭಿಪ್ರಾಯ ಎಂದರು. ಎರಡನೇ ಕೀ ಎಲ್ಲಿ ಎಂದು ನಾನು ಕೇಳಿದೆ. ಅದು ಮಗ ಅಶ್ವಿತನ ಹತ್ತಿರ ಉಂಟು, ಅವನು ಕಾರ್ಕಳದಲ್ಲಿ ಕರೆಂಟಿನ ಲೈನು ಎಳೆಯುವ ಕೆಲಸದಲ್ಲಿದ್ದಾನೆ, ಬಂದಾಗ ತೆಗೆದು ಕೊಡ್ತೇನೆ ಎಂದರು. ಕೀ ಬರಲಿ, ಆಮೇಲೆ ಗಾಡಿ ತೆಗೆದುಕೊಂಡು ಹೋಗುವ ಎಂದು ನಾನು ಗಂಡನಿಗೆ ಹೇಳಿದೆ. ಒಬ್ಬ ಮರ್ಯಾದಸ್ಥನ ಮುಖದ ಮೇಲೆ ಹಾಗೆಲ್ಲ ಕೇಳಬಾರದು ಎಂದು ಅವರು ನನಗೇ ಪಾಠ ಹೇಳಿದರು. ಗಾಡಿ ಮಾರಿದ್ದನ್ನು ಚನಿಯಪ್ಪನವರು ಮಗನಿಗೆ ಹೇಳಿಯೇ ಇರಲಿಲ್ಲ ಎಂಬುದು ನಮಗೆ ಗೊತ್ತಾದದ್ದು ನಿನ್ನೆ.

ಗಾಡಿಯೊಳಗೆ ಒಣಮೀನಿನ ವಾಸನೆ ಇತ್ತು. ಇದು ದೂರಲ್ಲ, ಅವರವರ ಮನೆಯ ಊಟ ಅವರವರಿಗೆ. ಆದರೆ ಅತ್ತೆಯವರು ಬಾಗಿಲು ತೆರೆದವರೇ ಸೆರಗು ಮೂಗಿಗೆ ಹಿಡಿದು ಹಿಂದೆ ಹೋದರು. ಆದ್ದರಿಂದ ಬೆಳ್ತಂಗಡಿಯಲ್ಲಿ ನನ್ನ ತಮ್ಮನ ಪರಿಚಯದ ಅಂಗಡಿಗೆ ಕೊಟ್ಟು ಸೀಟು ಬಿಚ್ಚಿಸಿ ಒಳಗೆಲ್ಲ ತೊಳೆಸಿದೆವು, ಹೊಸ ಸೀಟು ಕವರು ಹಾಕಿಸಿದೆವು, ಹೊರಗೆ ಪಾಲಿಶ್ ಮಾಡಿಸಿದೆವು, ಬಿಸಿಲಿಗೆಂದು ಹಿಂದಿನ ಕಿಟಕಿಗಳಿಗೆ ಪರದೆ ಕಟ್ಟಿಸಿದೆವು. ಹಳೆಯ ಕವರುಗಳನ್ನು ಸುತ್ತಿ ಹಿಂದೆ ಹಾಕಿ ಕೊಟ್ಟರು. ನನ್ನ ಗಂಡ ಯಾವುದನ್ನೂ ಬಿಸಾಡುವವರಲ್ಲ.

ಉಳಿದದ್ದು ಟಯರು. ಪುತ್ತಿಗೆಯಲ್ಲಿ ದಿನಸಿ ಅಂಗಡಿ ನಡೆಸುವ ನನ್ನ ಗಂಡ ಒಂದು ಕೊಡೆ ಕೊಳ್ಳಬೇಕಾದರೂ ಮೂರು ಅಂಗಡಿ ಹತ್ತಿ ಇಳಿಯುವವರು. ಟಯರಿಗಾಗಿ ಅವರು ನಿದ್ದೆಗೆಟ್ಟರು. ಅಗಲದ್ದು ಹಾಕಿದರೆ ನೋಡಲು ಚೆಂದ, ಆದರೆ ಡೀಸೆಲ್ ಕುಡಿಯುತ್ತದೆ. ದಪ್ಪ ಹಲ್ಲಿನದ್ದು ಮಳೆಗಾಲದ ಕೆಸರಿನಲ್ಲಿ ಹಿಡಿಯುತ್ತದೆ, ಆದರೆ ಡಾಮರಿನಲ್ಲಿ ಗುಂಯ್‌ಗುಡುತ್ತದೆ, ಅಮ್ಮನಿಗೆ ನಿದ್ದೆ ಬರುವುದಿಲ್ಲ. ಸಣ್ಣ ಹಲ್ಲಿನದ್ದು ಸದ್ದು ಮಾಡುವುದಿಲ್ಲ, ನಮ್ಮ ಮನೆಯ ಏರು ಹತ್ತುವುದಿಲ್ಲ. ಎರಡು ದಿನಕ್ಕೊಮ್ಮೆ ಚನಿಯಪ್ಪನವರಿಗೇ ಫೋನು ಮಾಡಿ ಸಲಹೆ ಕೇಳುತ್ತಿದ್ದರು. ಕೊನೆಗೆ ಒಪ್ಪಿದ್ದು ಅಶ್ವಿತ್ ಹೇಳಿದ್ದನಂತಲ್ಲ, ಡಾಮರಿಗೂ ಮಣ್ಣಿಗೂ ಆಗುವಂಥದ್ದು, ಅದೇ. ಶನಿವಾರ ಮೂಡುಬಿದಿರೆಯಲ್ಲಿ ಹಾಕಿಸುತ್ತೇವೆ ಎಂದು ಹಿಂದಿನ ದಿನ ಚನಿಯಪ್ಪನವರಿಗೆ ಸುದ್ದಿಯನ್ನೂ ಕೊಟ್ಟರು.

ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ಮೂಡುಬಿದಿರೆಯ ಹಸನಬ್ಬನವರ ಟಯರಿನ ಅಂಗಡಿಗೆ ಹೋದೆವು. ಟಯರು ತಯಾರಾದ ವಾರ ಮತ್ತು ವರ್ಷದ ಅಂಕಿ ಅದರ ಬದಿಯಲ್ಲಿ ಒತ್ತಿರುತ್ತದೆ. ನನ್ನ ಗಂಡ ಟಾರ್ಚು ಹಿಡಿದು ನಾಲ್ಕನ್ನೂ ಓದಿದರು. ಇದು ಮದುವೆಯ ಜಾತಕ ಅಲ್ಲ ಮಾರಾಯ್ರೆ ಎಂದು ಹಸನಬ್ಬನವರು ನಕ್ಕರು. ಟಯರು ಹಾಕಿ, ಚಕ್ರದ ನೇರ ನೋಡಿ, ಮುಂದಿನ ಗಾಜಿಗೆ ಅಂಗಡಿಯ ಫೋನು ನಂಬರಿನ ಸ್ಟಿಕ್ಕರು ಅಂಟಿಸುವಾಗ 4.45 ಆಗಿತ್ತು. ಗಾಡಿಯನ್ನು ಅಂಗಡಿಯಿಂದ ಸುಮಾರು ನಲವತ್ತು ಮೀಟರು ದೂರದ ಗೋಳಿಮರದ ಕೆಳಗೆ ನಿಲ್ಲಿಸಿದರು. ರಬ್ಬರಿನ ವಾಸನೆಗೆ ತಲೆ ಸುತ್ತುತ್ತದೆ ಎಂದು ಅತ್ತೆಯವರು ಗಾಡಿಯ ನಡುವಿನ ಸೀಟಿನಲ್ಲಿ ಶಾಲು ಹೊದ್ದು ಮಲಗಿದರು. ಹಳೆಯ ಕವರಿನ ಸುರುಳಿ ಅವರ ತಲೆಯ ಹತ್ತಿರ ಇತ್ತು. ನಾನು ಪರದೆ ಎಳೆದು ಗಾಜು ನಾಲ್ಕು ಬೆರಳು ಇಳಿಸಿದೆ. ನನ್ನ ಗಂಡ ಬಾಗಿಲು ಲಾಕ್ ಮಾಡಿ ಅಂಗಡಿಗೆ ಮರಳಿದರು. ಹಳೆಯ ನಾಲ್ಕರಲ್ಲಿ ಯಾವುದನ್ನು ಸ್ಟೆಪ್ನಿಗೆ ಇಟ್ಟುಕೊಳ್ಳುವುದು ಎಂಬುದು ಇನ್ನೂ ತೀರ್ಮಾನ ಆಗಿರಲಿಲ್ಲ. ಚಕ್ರದ ಕೆಳಗೆ ಇಡಲು ನಾನು ಪೇಟೆಗೆ ಹೋಗಿ ನಾಲ್ಕು ನಿಂಬೆಹಣ್ಣು ತಂದೆ. ಬರುವಾಗ 5.10.

ಮರದ ಕೆಳಗೆ ಗಾಡಿ ಇರಲಿಲ್ಲ.

ಗಂಡ ತೆಗೆದುಕೊಂಡು ಹೋಗಿರಬೇಕು ಎಂದು ಅಂಗಡಿಗೆ ಬಂದರೆ ಅವರು ಎರಡು ಹಳೆಯ ಟಯರುಗಳ ನಡುವೆ ಕುಕ್ಕರಗಾಲಿನಲ್ಲಿ ಕೂತಿದ್ದರು. ಗಾಡಿ ಎಲ್ಲಿ ಎಂದು ನಾನು ಕೇಳಿದೆ, ಅವರು ಅದೇ ಮಾತನ್ನು ನನಗೆ ಕೇಳಿದರು. ಬೆನ್ನಿಗೆ ಚೀಲ ಹಾಕಿದ ಒಬ್ಬ ಯುವಕ ಕೀ ಹಾಕಿ ಬಾಗಿಲು ತೆರೆದು ಸಿದ್ದಕಟ್ಟೆ ರಸ್ತೆಯಲ್ಲಿ ಹೋದದ್ದನ್ನು ಅಂಗಡಿಯ ಕೆಲಸದವರು ಕಂಡಿದ್ದರು. ಕೀ ಇದ್ದದ್ದರಿಂದ ನಮ್ಮ ಡ್ರೈವರ್ ಎಂದುಕೊಂಡರಂತೆ. ನನ್ನ ಗಂಡ ಅಲ್ಲಿಯೇ ಟಯರಿನ ಮೇಲೆ ಕೂತುಬಿಟ್ಟರು. ನನಗೆ ಗಾಡಿಯ ಚಿಂತೆ ಬರಲೇ ಇಲ್ಲ. ಕೈಚೀಲ ಮುಟ್ಟಿ ನೋಡಿದೆ, ಬುತ್ತಿ ಬೆಚ್ಚಗೆ ಒಳಗೆ ಇತ್ತು. ಮಾತ್ರೆ ಅವರ ಹತ್ತಿರ, ಊಟ ನನ್ನ ಹತ್ತಿರ.

5.25ಕ್ಕೆ ಠಾಣೆಗೆ ಬಂದೆವು. ಗಾಡಿಯ ನಂಬರು ಕೇಳಿದ ಹೆಡ್ ಕಾನ್‌ಸ್ಟೆಬಲ್‌ರವರಿಗೆ ಇಂದು ಸೂರ್ಯ ಮುಳುಗುವುದು ಎಷ್ಟು ಗಂಟೆಗೆ ಎಂದು ನಾನು ತಿರುಗಿ ಕೇಳಿದೆ. ಗಾಬರಿಯಲ್ಲಿ ನನಗೆ ತಲೆ ಕೆಟ್ಟಿದೆ ಎಂದು ಅವರು ಭಾವಿಸಿದಂತೆ ಕಂಡಿತು. ಮೊಬೈಲಿನಲ್ಲಿ ನೋಡಿ 6.36 ಎಂದರು. ಆಮೇಲೆ ನಾನು ಗೋಡೆಯ ಗಡಿಯಾರವನ್ನು ಬಿಟ್ಟು ಬೇರೆ ಕಡೆ ನೋಡಲಿಲ್ಲ. ಎಲ್ಲೋ ಬಿದ್ದಿದ್ದಾರೆ, ಯಾರೂ ನೀರು ಕೊಡುವವರಿಲ್ಲ ಎಂದೇ ಮನಸ್ಸಿಗೆ ಬರುತ್ತಿತ್ತು. ಚನಿಯಪ್ಪನವರು 6.10ಕ್ಕೆ ಫೋನಿಗೆ ಸಿಕ್ಕಿದರು. ವಿಷಯ ಕೇಳಿ, ತೆಗೆದದ್ದು ನನ್ನ ಮಗನೇ ಇರಬೇಕು ಎಂದರು. ಮಗ ಈ ಗಾಡಿಯಲ್ಲೇ ಡ್ರೈವಿಂಗ್ ಕಲಿತವನು, ಮಾರಿದ್ದೇನೆ ಎಂದು ಹೇಳಲು ತನಗೆ ಬಾಯಿ ಬರಲಿಲ್ಲ, ಗಾಡಿ ಎಲ್ಲಿ ಎಂದು ಅವನು ಬೆಳಿಗ್ಗೆ ಫೋನಿನಲ್ಲಿ ಕೇಳಿದಾಗ ಟಯರು ಹಾಕಿಸಲು ಮೂಡುಬಿದಿರೆಗೆ ಕೊಟ್ಟಿದ್ದೇನೆ ಎಂದುಬಿಟ್ಟೆ ಎಂದರು. ಅಶ್ವಿತನ ಫೋನು ತಾಗಲಿಲ್ಲ.

ಇನ್ನು ಹೇಳುವುದು ಅತ್ತೆಯವರು ಮತ್ತು ಅಶ್ವಿತ್ ಆಮೇಲೆ ನನಗೆ ಹೇಳಿದ್ದು. ಅವರಿಬ್ಬರೂ ಮಾತಾಡಿದ್ದು ತುಳುವಿನಲ್ಲಿ, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. ಕಾರ್ಕಳದಿಂದ ಬಸ್ಸಿನಲ್ಲಿ ಬಂದ ಅಶ್ವಿತ್ ಮೂಡುಬಿದಿರೆಯಲ್ಲಿ ಇಳಿದು, ಮರದ ಕೆಳಗೆ ತನ್ನ ಮನೆಯ ಗಾಡಿಯನ್ನು ಕಂಡನು. ಕೆಲಸ ಆಗಿದೆ, ಅಪ್ಪನಿಗೆ ಕಣ್ಣು ಕಾಣುವುದಿಲ್ಲ, ನಾನೇ ಮನೆಗೆ ಮುಟ್ಟಿಸುವ ಎಂದು ತೆಗೆದುಕೊಂಡು ಹೊರಟನು. ಹೊಸ ಕವರು, ಪರದೆ ಎಲ್ಲ ಅಪ್ಪನೇ ಹಾಕಿಸಿದ್ದು, ಹಿಂದೆ ಇದ್ದದ್ದು ಪೂರ್ತಿ ಹಳೆಯ ಸೀಟು ಕವರಿನ ಗಂಟು ಎಂದುಕೊಂಡನು. ಅತ್ತೆಯವರಿಗೆ ಎಚ್ಚರವಾಗಲಿಲ್ಲ. ಡಾಮರಿನಲ್ಲಿ ಹೆಚ್ಚು ಸದ್ದು ಮಾಡದ ಟಯರು ಆರಿಸಿದ್ದು ಅಷ್ಟರಮಟ್ಟಿಗೆ ಸಾರ್ಥಕವಾಯಿತು.

ಸಿದ್ದಕಟ್ಟೆಯಲ್ಲಿ ಅವನ ಗೆಳೆಯರು ಸಿಕ್ಕಿದ್ದರಿಂದ ಗಾಡಿ ನಿಲ್ಲಿಸಿ ಸುಮಾರು ಒಂದು ಗಂಟೆ ಮಾತಾಡಿದನು. ಅತ್ತೆಯವರಿಗೆ ಅಲ್ಲಿ ಎಚ್ಚರವಾಯಿತು. ಇವನು ಟಯರಿನ ಅಂಗಡಿಯವನು, ಗಾಡಿ ಓಡಿಸಿ ನೋಡಲು ತಂದಿದ್ದಾನೆ ಎಂದುಕೊಂಡು, ಹೊತ್ತಾಯಿತೆಂದು ಸಂಚಿ ಬಿಚ್ಚಿ ಮಾತ್ರೆ ನುಂಗಿದರು. ಹೊರಗೆ ಅವನು ಗೆಳೆಯರಿಗೆ ಟಯರು ತೋರಿಸುತ್ತ, ನೋಡು ಮಾರಾಯ, ಎರಡು ವರ್ಷ ಬಾಯಿ ಬಡ್ಕೊಂಡೆ, ಕೊನೆಗೂ ಅಪ್ಪ ನನ್ನ ಮಾತು ಕೇಳಿದ್ರು, ನಾನು ಹೇಳಿದ್ದನ್ನೇ ಹಾಕಿಸಿದ್ದಾರೆ ಎನ್ನುತ್ತಿದ್ದನಂತೆ. ಒಂದೇ ಮಾತನ್ನು ಮೂರು ಸಲ ಹೇಳಿದನು ಎಂದು ಅತ್ತೆಯವರು ಹೇಳುತ್ತಾರೆ.

ಅವನು ಬಂದು ಗಾಡಿ ಸ್ಟಾರ್ಟ್ ಮಾಡಿದಾಗ ಅತ್ತೆಯವರು ಹಿಂದಿನಿಂದ, ಮಗಾ, ವಿಮಲ ಎಲ್ಲಿ, ನನ್ನ ಬುತ್ತಿ ಎಲ್ಲಿ ಎಂದು ಕೇಳಿದರು. ಅವನು ಹೆದರಿ ಬಾಗಿಲು ತೆರೆದು ರಸ್ತೆಗೆ ಹಾರಿದನು. ನಿಮ್ಮ ಮನೆ ಎಲ್ಲಿ ಅಜ್ಜಿ, ದಾರಿ ತಪ್ಪಿ ನಮ್ಮ ಗಾಡಿಗೆ ಹತ್ತಿದ್ದೀರಿ ಎಂದನು. ಇದು ನಮ್ಮ ಗಾಡಿ, ನನ್ನ ಮಗ ನರಿಕೊಂಬಿನ ಚನಿಯಪ್ಪನಿಂದ ಕೊಂಡದ್ದು, ಟಯರು ಇವತ್ತು ಹಾಕಿಸಿದ್ದು ಎಂದು ಅತ್ತೆಯವರು ಹೇಳಿದರು. ಅವನು ರಸ್ತೆಯಲ್ಲಿ ನಿಂತೇ ಅಪ್ಪನಿಗೆ ಎರಡು ಸಲ ಫೋನು ಮಾಡಿದನು, ನಾವೆಲ್ಲ ಅದೇ ನಂಬರಿಗೆ ಮಾಡುತ್ತಿದ್ದುದರಿಂದ ತಾಗಲಿಲ್ಲ, ಚಾರ್ಜು ಮುಗಿಯಿತು. ಗಾಡಿಯನ್ನು ಮೂಡುಬಿದಿರೆಯ ಕಡೆಗೆ ತಿರುಗಿಸಿದನು.

ನಾಲ್ಕೈದು ಕಿಲೋಮೀಟರು ಬರುವಾಗ ಅತ್ತೆಯವರು ಬೆವರಲು ತೊಡಗಿದರು, ಕೈ ನಡುಗಿತು, ಮಾತು ತೊದಲಿತು. ಅವನ ಅಜ್ಜಿ ಸೇಸಮ್ಮನವರಿಗೂ ಸಕ್ಕರೆ ಇದ್ದುದರಿಂದ ಅವನಿಗೆ ಕೂಡಲೇ ತಿಳಿಯಿತು. ರಸ್ತೆ ಬದಿಯ ಖತೀಜಮ್ಮನವರ ಸಣ್ಣ ಅಂಗಡಿಯ ಮುಂದೆ ನಿಲ್ಲಿಸಿ ಬಾಳೆಹಣ್ಣು ತಂದನು. ಅತ್ತೆಯವರು ಹಲ್ಲು ಕಚ್ಚಿ ತಲೆ ಅಲ್ಲಾಡಿಸಿದರು. ಸೂರ್ಯ ಇದ್ದಾನೋ ಎಂದು ಮಾತ್ರ ಕೇಳಿದರು. ಪರದೆ ಎಳೆದಿತ್ತು. ಇದ್ದಾನೆ ಅಜ್ಜಿ, ತೆಂಗಿನ ಮರದ ಹಿಂದೆ ಇದ್ದಾನೆ, ಬೇಗ ಬೇಗ ತಿನ್ನಿ ಎಂದು ಅವನು ಹೇಳಿದನು. ಅವರು ಬಾಯಿ ತೆರೆದರು. ಎರಡು ಬಾಳೆಹಣ್ಣು, ಆಮೇಲೆ ಖತೀಜಮ್ಮನವರು ತೊಳೆದ ಬಾಳೆಎಲೆಯಲ್ಲಿ ಬೆಲ್ಲ ಹಾಕಿ ಕಲಸಿ ಕೊಟ್ಟ ಅವಲಕ್ಕಿ. ಗಾಜಿನ ಸ್ಟಿಕ್ಕರಿನಲ್ಲಿದ್ದ ನಂಬರಿಗೆ ಖತೀಜಮ್ಮನವರೇ 7 ಗಂಟೆಗೆ ಫೋನು ಮಾಡಿದ್ದು, ಹಸನಬ್ಬನವರು ಅದನ್ನು ಠಾಣೆಗೆ ತಿಳಿಸಿದರು.

ನಾವು ಪೊಲೀಸರೊಂದಿಗೆ 7.25ಕ್ಕೆ ಅಲ್ಲಿಗೆ ಮುಟ್ಟಿದೆವು. ಅತ್ತೆಯವರು ಬೆಂಚಿನಲ್ಲಿ ಕೂತಿದ್ದರು. ನನ್ನನ್ನು ಕಂಡು, ಬುತ್ತಿ ಹಳಸಿರಬೇಕು ಎಂದರು. ನನಗೆ ಅಳು ತಡೆಯಲಾಗಲಿಲ್ಲ. ಅವರು ಯಾವಾಗ ತಿಂದರು ಎಂದು ನಾನು ಖತೀಜಮ್ಮನವರನ್ನು ಬದಿಗೆ ಕರೆದು ಕೇಳಿದೆ. ಬಾಂಗ್ ಆಗಿ ಹತ್ತು ನಿಮಿಷ ಆಗಿತ್ತು ಟೀಚರ್, ನಾನು ನಮಾಜಿಗೆ ಏಳುವವಳು, ಅಷ್ಟರಲ್ಲಿ ಹುಡುಗ ಓಡಿ ಬಂದ ಎಂದರು. ಮಸೀದಿಯಲ್ಲಿ ಸಂಜೆಯ ಬಾಂಗ್ ಕೂಗುವುದು ಸೂರ್ಯ ಮುಳುಗಿ ಮೂರು ನಾಲ್ಕು ನಿಮಿಷದ ಮೇಲೆ ಎಂಬುದು ಈ ಕಡೆ ಎಲ್ಲರಿಗೂ ಗೊತ್ತು. ಊಟದ ಹೊತ್ತು ಹಾಗಾದರೆ 6.50. ಅಶ್ವಿತ್ ಸ್ವರ ತಗ್ಗಿಸಿ, ಸುಳ್ಳು ಹೇಳಿದ್ದು ನಾನು, ಅಜ್ಜಿಗೆ ದೋಷ ಬರ್ತದಾ ಟೀಚರ್ ಎಂದು ಕೇಳಿದನು.

ಅವನು ಕೀಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಗಂಡನಿಗೆ ಕೊಟ್ಟು, ಮುಂದಿನ ಚಕ್ರದ ಹತ್ತಿರ ಕೂತು ಟಯರಿನ ಹಲ್ಲಿನ ಮೇಲೆ ಕೈಯಾಡಿಸಿದನು. ಆಗ ನಾನು, ಈ ಟಯರು ಹಾಕಲು ಹೇಳಿದ್ದು ನಿನ್ನ ಅಪ್ಪನೇ, ಮಗ ಹೇಳಿದ್ದು ಸರಿ, ನಾನು ಕೇಳಬೇಕಿತ್ತು ಎಂದು ನಮ್ಮೆದುರೇ ಹೇಳಿದ್ದರು ಎಂದೆ, ಅವರು ಹೇಳಿದ್ದಕ್ಕೆ ಎರಡು ಮಾತು ಸೇರಿಸಿಯೇ. ಅವನು ತಲೆ ಎತ್ತಲಿಲ್ಲ. ಕೈಯನ್ನು ಟಯರಿನ ಮೇಲಿಂದ ತೆಗೆಯಲೂ ಇಲ್ಲ.

ನನ್ನ ಗಂಡ ಹೆದರಿಕೆಯಲ್ಲಿ ದೂರು ಕೊಟ್ಟವರು, ಹೆದರಿಕೆ ಈಗ ಸಿಟ್ಟಾಗಿ ಉಳಿದಿದೆ. ಅಶ್ವಿತ್ ಕಳ್ಳನಲ್ಲ. ಅವನ ಮೇಲೆ ಕೇಸು ಬೇಡವೆಂದು ನನ್ನ ವಿನಂತಿ. ಅತ್ತೆಯವರು ಉಂಡ ಹೊತ್ತನ್ನು ಅವರ ಮುಂದೆ ಓದಬಾರದು ಎಂದೂ ಕೇಳಿಕೊಳ್ಳುವವಳಿದ್ದೆ. ಅದು ಅಗತ್ಯವಿಲ್ಲ. ಇಂದು ಬೆಳಿಗ್ಗೆ ನಾನು ಹೊರಡುವಾಗ ಅವರು ಕರೆದು, ಠಾಣೆಯಲ್ಲಿ ಎಲ್ಲ ಇದ್ದ ಹಾಗೆ ಹೇಳು, ಬಾಂಗ್ ನನಗೂ ಕೇಳಿತ್ತು ಎಂದರು. ಮತ್ತೆ ಯಾಕೆ ತಿಂದಿರಿ ಎಂದು ಕೇಳಿದೆ. ಆ ಮಗು ಅಪ್ಪನ ಒಂದು ಸುಳ್ಳು ನಂಬಿ ಸೋತಿತ್ತು, ಅದರ ಸುಳ್ಳನ್ನು ಒಬ್ಬರಾದರೂ ನಂಬಬೇಕಲ್ಲ ಎಂದರು.

ಇಷ್ಟನ್ನೂ ನಾನು ಹೇಳಿದಂತೆಯೇ ಬರೆದುಕೊಂಡು ನನಗೆ ಓದಿ ಹೇಳಿದ್ದಾರೆ. ಕಂಡದ್ದು, ಕೇಳಿದ್ದು ಎರಡೂ ಸತ್ಯ. ಊಟದ ಹೊತ್ತು 6.50 ಎಂದಿರುವುದನ್ನು ತಿದ್ದಬೇಕಾಗಿಲ್ಲ.

ಸ್ಥಳ: ಮೂಡುಬಿದಿರೆ
ದಿನಾಂಕ: 16-02-2025

(ಸಹಿ) ವಿಮಲಾ